ಕಲಿತವನು ಕಲಿಸಿ ಹೋಗಬೇಕು
(ಶತಮಾನೋತ್ಸವ ಸಮಾರಂಭದಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರುಷಗಳ ಈ ಹಬ್ಬದ ಸಂಜೆ ನಾವು ನಮ್ಮ ದೇವಾಲಯದ ಚರಿತ್ರೆಯನ್ನು ಹೇಳಲು ನಿಂತಿಲ್ಲ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿರುವರು. ಯುವಜನ ಸಂಘದವರು ನಮಗೆ ಒಪ್ಪಿಸಿದ ವಿಷಯ 'ಕಲಿತವನ ಕರ್ತವ್ಯ'. ಏನು ಹೇಳೋಣವೆಂದು ಯೋಚಿಸುತ್ತ ಒಂದು ಸಂಜೆ ದೇವಾಲಯದಲ್ಲಿ ಕುಳಿತಿದ್ದಾಗ ನಮ್ಮ ದೃಷ್ಟಿ ಎರಡು ವಸ್ತುಗಳ ಮೇಲೆ ನಿಂತಿತು. ಒಂದು, ಪರಮಪ್ರಸಾದದ ಮುಂದೆ ಹಗಲಿರುಳು ಉರಿಯುವ ದೀಪದ ಕೆಂಪು ಗಾಜು. ಇನ್ನೊಂದು, ತಲೆಯ ಮೇಲಿನ ಹಂಚಿನ ಮಾಡು. ಒಂದು ಮರಳಿನಿಂದ ಆದದ್ದು, ಇನ್ನೊಂದು ಜೇಡಿಮಣ್ಣಿನಿಂದ ಆದದ್ದು. ಎರಡೂ ಬೆಂಕಿಯ ಮಕ್ಕಳು. ಅವನ್ನು ಮಾಡಿದ ಕೈಗಳು ಯಾರವೆಂದು ನಮಗೆ ತಿಳಿಯದು. ಆದರೆ ಆ ಕೈಗಳಿಗೆ ಇನ್ನಾರೋ ಕಲಿಸಿದ್ದರೆಂಬುದು ಮಾತ್ರ ನಿಶ್ಚಯ. ಆದ್ದರಿಂದ ಮೊದಲು ಗಾಜಿನವನ ಕಥೆ, ಆಮೇಲೆ ಹಂಚಿನವನ ಕಥೆ, ಕೊನೆಗೆ ನಮ್ಮದೇ ಒಂದು ತಪ್ಪಿನ ಕಥೆ. ಈ ಮೂರನ್ನು ತಮ್ಮ ಮುಂದಿಡುತ್ತೇವೆ.

ಗಾಜು ಊದುವ ಕೆಲಸವನ್ನು ನಮ್ಮ ಊರಿನಲ್ಲಿ ಕಂಡವರು ಕಡಿಮೆ. ಮರಳು, ಸೋಡಾ, ಸುಣ್ಣ ಇವುಗಳನ್ನು ಬೆರೆಸಿ ಕುಲುಮೆಯಲ್ಲಿ ಸಾವಿರದ ನಾನ್ನೂರು ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ ಶಾಖದಲ್ಲಿ ಕರಗಿಸುತ್ತಾರೆ. ಕರಗಿದ ಗಾಜು ಜೇನಿನಂತೆ ಮಂದವಾಗಿರುತ್ತದೆ. ಒಂದೂಕಾಲು, ಒಂದೂವರೆ ಮೀಟರು ಉದ್ದದ ಕಬ್ಬಿಣದ ಕೊಳವೆಯ ತುದಿಗೆ ಅದನ್ನು ಸುತ್ತಿ ತೆಗೆದು, ಇನ್ನೊಂದು ತುದಿಯಿಂದ ಮೆಲ್ಲನೆ ಊದಿದರೆ ಅದು ಉಬ್ಬಿಕೊಳ್ಳುತ್ತದೆ. ಸುಮಾರು ಎರಡು ಸಾವಿರ ವರುಷಗಳ ಹಿಂದೆ, ಪವಿತ್ರ ಭೂಮಿಗೆ ಸೇರಿದ ಕಡಲತೀರದಲ್ಲಿಯೂ ಸಿರಿಯಾದ ಕಡೆಯಲ್ಲಿಯೂ ಈ ವಿದ್ಯೆ ಹುಟ್ಟಿತು. ಅಂದಿನಿಂದ ಇಂದಿನವರೆಗೆ ಅದರ ಮೂಲ ಕ್ರಮ ಹೆಚ್ಚು ಬದಲಾಗಿಲ್ಲ.

ಈ ಕೆಲಸದಲ್ಲಿ ಎರಡು ನಿಯಮಗಳುಂಟು. ಮೊದಲನೆಯದು, ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು. ಕೈ ಒಂದು ಕ್ಷಣ ನಿಂತರೂ ಮೆತ್ತಗಿನ ಗಾಜು ಒಂದು ಬದಿಗೆ ಜೋತುಬೀಳುತ್ತದೆ. ಎರಡನೆಯದು, ಆದ ಪಾತ್ರೆಯನ್ನು ಒಮ್ಮೆಲೇ ಗಾಳಿಗಿಡಬಾರದು. ಬೇರೊಂದು ಬಿಸಿ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಎಷ್ಟು ಚೆಲುವಾದ ಪಾತ್ರೆಯೂ ತನ್ನಷ್ಟಕ್ಕೆ ಸಿಡಿದು ಚೂರಾಗುತ್ತದೆ. ಈ ಎರಡು ನಿಯಮಗಳನ್ನು ಪುಸ್ತಕದಲ್ಲಿ ಓದಿ ಅರ್ಥಮಾಡಿಕೊಳ್ಳಲು ಐದು ನಿಮಿಷ ಸಾಕು; ಕೈಗೆ ಕಲಿಸಲು ಐದು ವರುಷವೂ ಸಾಲದು. ಹಾಗೆಯೇ ದೊಡ್ಡ ಕೆಲಸ ಒಬ್ಬನಿಂದ ಆಗುವುದಿಲ್ಲ. ಮೇಸ್ತ್ರಿ ತನ್ನ ಮಣೆಯ ಮೇಲೆ ಕುಳಿತಿರುತ್ತಾನೆ. ಒಬ್ಬ ಊದುತ್ತಾನೆ, ಇನ್ನೊಬ್ಬ ಹೊಸ ಗಾಜನ್ನು ತರುತ್ತಾನೆ, ಮತ್ತೊಬ್ಬ ಕುಲುಮೆಯ ಬಾಗಿಲು ತೆರೆಯುತ್ತಾನೆ. ಮಾತಿಲ್ಲದೆ ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯಬೇಕು. ಆದ್ದರಿಂದಲೇ ಈ ಕಸುಬು ಯಾವಾಗಲೂ ಗುರುವಿನ ಪಕ್ಕದಲ್ಲಿ ನಿಂತು ಕಲಿಯತಕ್ಕದ್ದು.

ಈ ವಿದ್ಯೆಯ ಮಹಾಪೀಠ ಇಟಲಿ ದೇಶದ ವೆನಿಸ್ ನಗರದ ಬಳಿಯ ಮುರಾನೋ ದ್ವೀಪ. ವೆನಿಸ್ ನಮಗೆ ತೀರ ದೂರದ ಹೆಸರಲ್ಲ. 1878ನೆಯ ಇಸವಿ ದಶಂಬರ 31ರಂದು ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸುಸಭೆಯ ಗುರುಗಳು ವೆನಿಸ್ ಪ್ರಾಂತದವರು. ತಾವು ಕಲಿತದ್ದನ್ನು ನಮ್ಮ ಕರಾವಳಿಯ ಮಕ್ಕಳಿಗೆ ಕೊಡಲು ಅವರು ಕಡಲು ದಾಟಿ ಬಂದರು. ಆದರೆ ಅದೇ ವೆನಿಸಿನಲ್ಲಿ ಗಾಜಿನ ವಿದ್ಯೆಗೆ ಇದ್ದ ಕಟ್ಟಳೆ ಇದಕ್ಕೆ ತೀರ ವಿರುದ್ಧವಾದುದಾಗಿತ್ತು.

1291ರಲ್ಲಿ ವೆನಿಸ್ ಗಣರಾಜ್ಯವು, ಮರದ ಮನೆಗಳಿಂದ ತುಂಬಿದ್ದ ನಗರಕ್ಕೆ ಬೆಂಕಿ ತಗುಲೀತೆಂಬ ಭಯದಿಂದ, ಗಾಜಿನ ಕುಲುಮೆಗಳನ್ನೆಲ್ಲ ಮುರಾನೋ ದ್ವೀಪಕ್ಕೆ ಸಾಗಿಸುವಂತೆ ಆಜ್ಞೆಮಾಡಿತು. ಬೆಂಕಿಯ ಕಾವಲಿಗಾಗಿ ಮಾಡಿದ ಏರ್ಪಾಡು ಕ್ರಮೇಣ ಗುಟ್ಟಿನ ಕಾವಲೂ ಆಯಿತು. ಅಲ್ಲಿಯ ಕುಶಲಿಗಳಿಗೆ ಬಹಳ ಗೌರವವಿತ್ತು. ಅವರ ಹೆಣ್ಣುಮಕ್ಕಳು ಶ್ರೀಮಂತ ಮನೆತನಗಳಿಗೆ ಸೊಸೆಯಂದಿರಾಗಿ ಹೋಗಬಹುದಾಗಿತ್ತು. ಆದರೆ ದೇಶ ಬಿಟ್ಟು ಹೋಗಿ ಈ ವಿದ್ಯೆಯನ್ನು ಪರರಿಗೆ ಕಲಿಸುವುದು ಶಿಕ್ಷಾರ್ಹ ಅಪರಾಧವಾಗಿತ್ತು. ಇಷ್ಟೆಲ್ಲ ಕಾದರೂ ಗುಟ್ಟು ಉಳಿಯಿತೇ? ಉಳಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸ್ ದೇಶದವರು ಮುರಾನೋದ ಕನ್ನಡಿಗಾರರನ್ನು ಹಣದ ಆಸೆ ತೋರಿಸಿ ಕರೆಸಿಕೊಂಡರು. ಹದಿನೆಂಟನೆಯ ಶತಮಾನದ ಹೊತ್ತಿಗೆ ಬೊಹೀಮಿಯದ ಗಾಜು ಪೇಟೆಯಲ್ಲಿ ಮುಂದಾಯಿತು. ಬಾಗಿಲು ಮುಚ್ಚಿದ್ದರಿಂದ ಹೊರಗಿನವರು ಕಲಿಯುವುದು ನಿಲ್ಲಲಿಲ್ಲ.

ಇಂಥ ದ್ವೀಪದಲ್ಲಿ 1934ರಲ್ಲಿ ಲೀನೋ ತಾಲ್ಯಾಪಿಯೆತ್ರಾ ಎಂಬ ಬಾಲಕ ಹುಟ್ಟಿದ. ಶಾಲೆಯ ಓದು ಬೇಗನೆ ಮುಗಿಯಿತು. ಹನ್ನೊಂದು ವರುಷದ ಪ್ರಾಯದಲ್ಲಿ ಆರ್ಕಿಮೆದೆ ಸೆಗೂಸೋ ಎಂಬ ಹೆಸರಾಂತ ಗಾಜುಗಾರನ ಕಾರ್ಖಾನೆಗೆ ಶಿಷ್ಯನಾಗಿ ಸೇರಿದ. ದುಡಿಮೆಯ ಬಿಡುವಿನಲ್ಲಿ ದ್ವೀಪದ ವಸ್ತುಸಂಗ್ರಹಾಲಯಕ್ಕೆ ಹೋಗಿ, ಹಿಂದಿನ ಶತಮಾನಗಳ ಪಾತ್ರೆಗಳನ್ನು ನೋಡಿ ನೋಡಿ, ಸತ್ತುಹೋದ ಗುರುಗಳಿಂದಲೂ ಕಲಿತ. ಇಪ್ಪತ್ತೊಂದರ ಪ್ರಾಯದಲ್ಲಿ 'ಮಾಯೆಸ್ತ್ರೋ' ಎಂಬ ಪದವಿಯನ್ನು ಪಡೆದ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೇಸ್ತ್ರಿಯಾದ. ಅಲ್ಲಿಗೇ ನಿಂತಿದ್ದರೂ ಅವನ ಬಾಳು ಸಾರ್ಥಕವೇ ಆಗುತ್ತಿತ್ತು.

ಇತ್ತ ಅಮೆರಿಕೆಯ ಡೇಲ್ ಚಿಹೂಲಿ ಎಂಬ ಯುವಕ 1968ರಲ್ಲಿ ವಿದ್ಯಾರ್ಥಿವೇತನ ಪಡೆದು ಮುರಾನೋದ ಒಂದು ಕಾರ್ಖಾನೆಗೆ ಬಂದು, ಅಲ್ಲಿ ನಾಲ್ಕೈದು ಜನರು ಒಂದೇ ಮೈಯಂತೆ ದುಡಿಯುವ ರೀತಿಯನ್ನು ಕಂಡು ಬೆರಗಾದ. ಊರಿಗೆ ಮರಳಿ, 1971ರಲ್ಲಿ ಸಿಯಾಟಲ್ ನಗರದ ಉತ್ತರದ ಕಾಡಿನಲ್ಲಿ ಪಿಲ್ಚಕ್ ಎಂಬ ಗಾಜಿನ ಶಾಲೆಯನ್ನು ತೆರೆದ. ಮೊದಲ ಬೇಸಗೆಯಲ್ಲಿ ಅಲ್ಲಿ ಕಟ್ಟಡವಿರಲಿಲ್ಲ. ಮಳೆಯಲ್ಲಿ ನೆನೆಯುತ್ತ, ಡೇರೆಗಳಲ್ಲಿ ವಾಸಿಸುತ್ತ, ಗುರುಶಿಷ್ಯರು ತಾವೇ ಕುಲುಮೆಯನ್ನು ಕಟ್ಟಿದರು. ಉತ್ಸಾಹ ಬೇಕಾದಷ್ಟಿತ್ತು, ನುರಿತ ಕೈಯಿರಲಿಲ್ಲ. 1978ರಲ್ಲಿ ತಾಲ್ಯಾಪಿಯೆತ್ರಾರ ಪತ್ನಿಯ ಸಹೋದರರು ಅಲ್ಲಿಗೆ ಹೋಗಿ ಕಲಿಸಿದರು. ಮರುವರುಷ, 1979ರಲ್ಲಿ, ತಾಲ್ಯಾಪಿಯೆತ್ರಾ ತಾವೇ ಹೋದರು. ಆಗ ಅವರಿಗೆ ನಲ್ವತ್ತೈದು ವರುಷ. ಮುರಾನೋದ ಮೇಸ್ತ್ರಿಯೊಬ್ಬರು ಪರದೇಶದ ಯುವಕ ಯುವತಿಯರ ಮುಂದೆ ನಿಂತು, ಏಳು ಶತಮಾನಗಳ ವಿದ್ಯೆಯನ್ನು ಏನೂ ಬಚ್ಚಿಡದೆ ತೆರೆದು ತೋರಿಸಿದರು.

ಊರಿನವರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಮನೆಯ ಗುಟ್ಟನ್ನು ಬೀದಿಗೆ ತಂದನೆಂಬ ಮುನಿಸು ಅವರಲ್ಲಿತ್ತು. ಆ ಮುನಿಸನ್ನು ನಾವು ಹಗುರವಾಗಿ ಕಾಣಬಾರದು. ಹೊಟ್ಟೆಪಾಡಿನ ವಿದ್ಯೆಯನ್ನು ಪರರಿಗೆ ಕೊಟ್ಟರೆ ನಾಳೆ ನಮ್ಮ ಮಕ್ಕಳು ಏನು ಉಣ್ಣಬೇಕೆಂಬ ಭಯ ಬಡವನಿಗೆ ಸಹಜ. ಆದರೆ ತಾಲ್ಯಾಪಿಯೆತ್ರಾ ಮತ್ತೆ ಮತ್ತೆ ಹೋದರು; ಹಲವು ದಶಕಗಳ ಕಾಲ ಹಲವು ದೇಶಗಳಲ್ಲಿ ಕಲಿಸಿದರು. ಕಲಿಸಿದ್ದರಿಂದ ಅವರ ಕೈ ಬರಿದಾಗಲಿಲ್ಲ. ಕಟ್ಟುಪಾಡಿಲ್ಲದೆ ಹೊಸತನ್ನು ಮಾಡುವ ಧೈರ್ಯವನ್ನು ಅವರು ಆ ಶಿಷ್ಯರಿಂದಲೇ ಕಲಿತರು. ಅವರ ಅತ್ಯುತ್ತಮ ಕೃತಿಗಳು ಆಮೇಲೆ ಹುಟ್ಟಿದವು. ಇಂದು ಮುರಾನೋದ ಕ್ರಮದಲ್ಲಿ ಗಾಜು ಊದಬಲ್ಲವರು ಲೋಕದ ಅನೇಕ ಕಡೆ ಇದ್ದಾರೆ. ಮುರಾನೋದ ಹೆಸರು ಅದರಿಂದ ಮಾಸಿಲ್ಲ.

ಚಿಹೂಲಿಯವರ ಪಾಡನ್ನೂ ಕೇಳಿರಿ. 1976ರಲ್ಲಿ ಕಾರು ಅಪಘಾತವೊಂದರಲ್ಲಿ ಅವರ ಎಡಗಣ್ಣಿನ ದೃಷ್ಟಿ ಹೋಯಿತು. ಮೂರು ವರುಷಗಳಲ್ಲಿ ಭುಜಕ್ಕೆ ಪೆಟ್ಟಾಗಿ ಕೊಳವೆ ಹಿಡಿಯುವುದೂ ಅಸಾಧ್ಯವಾಯಿತು. ಗಾಜುಗಾರನಿಗೆ ಇದಕ್ಕಿಂತ ದೊಡ್ಡ ಆಪತ್ತು ಯಾವುದು? ಆದರೆ ಅಷ್ಟರಲ್ಲಿ ಅವರು ಇತರರಿಗೆ ಕಲಿಸಿದ್ದರು. ಅವರ ಮನಸ್ಸಿನಲ್ಲಿದ್ದುದನ್ನು ಶಿಷ್ಯರ ಮತ್ತು ಸಂಗಡಿಗರ ಕೈಗಳು ಮಾಡಿದವು. 1994ರಲ್ಲಿ ತಮ್ಮ ಹುಟ್ಟೂರಾದ ಟಕೋಮಾದಲ್ಲಿ, ಬಡತನವೂ ಗೂಂಡಾಗಿರಿಯೂ ಹೆಚ್ಚಾಗಿದ್ದ ಒಂದು ಕೇರಿಯ ಮಕ್ಕಳಿಗೆ ಗಾಜಿನ ಕೆಲಸ ಕಲಿಸುವ ಸಂಸ್ಥೆ ಆರಂಭವಾಗಲು ಅವರು ಕಾರಣರಾದರು. ಕುಲುಮೆಯ ಮುಂದೆ ನಿಂತ ಹುಡುಗ ಪಕ್ಕದವನನ್ನು ನಂಬಲೇಬೇಕು. ಇಲ್ಲವಾದರೆ ಇಬ್ಬರಿಗೂ ಸುಡುತ್ತದೆ. ಬೀದಿಯಲ್ಲಿ ಕಲಿಯದ ಪಾಠವನ್ನು ಆ ಮಕ್ಕಳಿಗೆ ಬೆಂಕಿ ಕಲಿಸಿತು. ಶಿಷ್ಯ ಗುರುವಾದುದು, ಗುರು ಊರಿಗೆ ಆಸರೆಯಾದುದು ಹೀಗೆ.

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಇಂಥವರಿರಲಿಲ್ಲವೇ ಎಂದು ತಾವು ಕೇಳಬಹುದು. ಇದ್ದರು. ನಮ್ಮ ಕನ್ನಡ ನಾಡಿನಲ್ಲಿಯೇ, ಚಿತ್ರದುರ್ಗದ ಸೀಮೆಯ ಮತ್ತೋಡಿನಲ್ಲಿ, ಗಾಜು ಕರಗಿಸಿ ಬಳೆ ಮಾಡುತ್ತಿದ್ದುದನ್ನು 1800-01ರಲ್ಲಿ ಈ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವಿವರವಾಗಿ ಬರೆದಿಟ್ಟಿರುವನು. ಇಂದು ನಮ್ಮ ಬಳೆಗಾರರು ಮಾರುವ ಗಾಜಿನ ಬಳೆ ಬಹುಪಾಲು ಉತ್ತರದ ಫಿರೋಜಾಬಾದಿನಿಂದ ಬರುತ್ತದೆ. ಇನ್ನು, 1908ರಲ್ಲಿ ಪುಣೆಯ ಬಳಿಯ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆಯೊಂದು ತೆರೆಯಿತು. ವರುಷಕ್ಕೆ ತಲೆಗೊಂದು ಪೈಸೆಯಂತೆ ಸಾಮಾನ್ಯ ಜನರಿಂದ ಕೂಡಿಸಿದ 'ಪೈಸಾ ಫಂಡ್' ಎಂಬ ನಿಧಿಯಿಂದ ಅದು ಎದ್ದಿತು. ಜಪಾನಿನಲ್ಲಿಯೂ ಅಮೆರಿಕೆಯಲ್ಲಿಯೂ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಅದನ್ನು ನಡೆಸಿದರು. ಅದು ಕಾರ್ಖಾನೆಯೂ ಹೌದು, ಶಾಲೆಯೂ ಹೌದು. ಅಲ್ಲಿ ಕಲಿತವರು ದೇಶದ ನಾನಾ ಕಡೆಗಳ ಗಾಜಿನ ಕಾರ್ಖಾನೆಗಳಿಗೆ ಹೋದರು. ಪೈಸೆ ಕೊಟ್ಟ ಬಡವನೂ ಆ ವಿದ್ಯಾದಾನದಲ್ಲಿ ಪಾಲುಗಾರನಾದ.

ಈಗ ಹಂಚಿನವನ ಕಥೆಗೆ ಬರೋಣ. ಇದು ನಮ್ಮ ನೇತ್ರಾವತಿಯ ಮಣ್ಣಿನ ಕಥೆ. 1851ರಲ್ಲಿ ಬಾಸೆಲ್ ಮಿಶನಿನ ಅಚ್ಚುಕೂಟದ ಕೆಲಸಕ್ಕೆಂದು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಯೊಬ್ಬರು ಮಂಗಳೂರಿಗೆ ಬಂದರು. ಅವರು ನಮ್ಮ ಸಭೆಯವರಲ್ಲ, ಪ್ರೊಟೆಸ್ಟಂಟರು. ಆದರೆ ಒಳ್ಳೆಯದನ್ನು ಮಾಡಿದವರನ್ನು ನೆನೆಯುವಾಗ ಆ ಗೆರೆ ಎಳೆಯಬೇಕಾಗಿಲ್ಲ. ಅಚ್ಚಿನ ಕೆಲಸಕ್ಕೆ ಬಂದವರ ಕಣ್ಣು ನದೀತೀರದ ಜೇಡಿಮಣ್ಣಿನ ಮೇಲೆ ಬಿತ್ತು. ತಾವು ತಿಳಿಯದ ಕಸುಬನ್ನು, ಗುರುವಿನ ಪ್ರಾಯದಲ್ಲಿ, ಮತ್ತೆ ಶಿಷ್ಯರಾಗಿ ಕಲಿತರು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮೂರೇ ವರುಷಗಳಲ್ಲಿ, 1868ರಲ್ಲಿ, ನಮ್ಮ ಕಥೋಲಿಕ ಸಮಾಜದ ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆಯನ್ನು ತೆರೆದರು. ಮುಂದೆ ನೇತ್ರಾವತಿ, ಗುರುಪುರ ನದಿಗಳ ದಡಗಳಲ್ಲಿ ಹತ್ತಾರು ಕಾರ್ಖಾನೆಗಳೆದ್ದವು. ಹಿಂದೂ, ಕ್ರೈಸ್ತ, ಮುಸಲ್ಮಾನರೆನ್ನದೆ ಸಾವಿರಾರು ಸಂಸಾರಗಳು ಆ ಬೆಂಕಿಯಿಂದ ಗಂಜಿ ಉಂಡವು. ಮಂಗಳೂರು ಹಂಚು ಕಡಲು ದಾಟಿ ಹೋಯಿತು. ಮುರಾನೋದಂತೆ ಇಲ್ಲಿ ಯಾರೂ ಬಾಗಿಲು ಮುಚ್ಚಲಿಲ್ಲ. ಒಂದು ಕಾರ್ಖಾನೆಯಲ್ಲಿ ಕಲಿತವನು ಇನ್ನೊಂದಕ್ಕೆ ಮೇಸ್ತ್ರಿಯಾಗಿ ಹೋದ.

ಕಾಲ ಬದಲಾಯಿತು. ಸಿಮೆಂಟಿನ ತಾರಸಿ ಬಂದಿತು, ಜೇಡಿಮಣ್ಣು ದುರ್ಲಭವಾಯಿತು, ಉರುವಲಿನ ಬೆಲೆ ಏರಿತು. ಬಹಳಷ್ಟು ಕಾರ್ಖಾನೆಗಳ ಚಿಮಿಣಿಗಳಲ್ಲಿ ಇಂದು ಹೊಗೆಯಿಲ್ಲ. ಇದಕ್ಕೆ ನಾವು ಯಾರನ್ನೂ ದೂರುವುದಿಲ್ಲ. ಆದರೆ ಕಾರ್ಖಾನೆ ಮುಚ್ಚಿದ ದಿನವೇ ವಿದ್ಯೆಯೂ ಸಾಯಬೇಕಾಗಿರಲಿಲ್ಲ. ಇಲ್ಲಿಯೇ ನಮ್ಮ ತಪ್ಪಿನ ಕಥೆ ಬರುತ್ತದೆ.

ನಾವು ಈ ವಿಚಾರಣೆಗೆ ಬಂದ ಹೊಸತರಲ್ಲಿ ಇಲ್ಲಿ ಒಬ್ಬ ವೃದ್ಧರಿದ್ದರು. ಅವರ ಹೆಸರನ್ನು ಹೇಳುವುದಿಲ್ಲ; ಹಿರಿಯರಿಗೆ ಗುರುತು ಸಿಕ್ಕೀತು. ನಲ್ವತ್ತು ವರುಷ ಹಂಚಿನ ಕಾರ್ಖಾನೆಯಲ್ಲಿ ಬೆಂಕಿಯ ಮೇಸ್ತ್ರಿಯಾಗಿದ್ದವರು. ಗೂಡಿನ ತೂತಿನೊಳಗೆ ಇಣುಕಿ, ಬೆಂಕಿಯ ಬಣ್ಣ ನೋಡಿ, ಇನ್ನೆಷ್ಟು ಹೊತ್ತು ಸುಡಬೇಕೆಂದು ಹೇಳಬಲ್ಲವರಾಗಿದ್ದರು. ಹಂಚಿನ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಬಂದ ನಾದದಿಂದಲೇ ಅದು ಹದವಾಗಿ ಬೆಂದಿದೆಯೋ, ಒಳಗೆ ಬಿರುಕಿದೆಯೋ ಎಂದು ತಿಳಿಯುತ್ತಿದ್ದರು. ಒಂದು ಆದಿತ್ಯವಾರ ಪೂಜೆಯ ಬಳಿಕ ಅವರು ನಮ್ಮ ಬಳಿಗೆ ಬಂದು, "ಪದ್ರಾಬ್, ನಾಲ್ಕು ಹುಡುಗರನ್ನು ಕೊಡಿ. ಮಣ್ಣು ನೋಡುವುದನ್ನು, ಬೆಂಕಿ ನೋಡುವುದನ್ನು ಕಲಿಸಿಕೊಡುತ್ತೇನೆ. ನನಗೆ ಹಣ ಬೇಡ" ಎಂದರು. ನಾವು ನಕ್ಕು, "ಈಗ ಅದನ್ನು ಯಾರು ಕಲಿಯುತ್ತಾರೆ? ನಮ್ಮ ಹುಡುಗರೆಲ್ಲ ಮುಂಬಯಿಗೂ ಗಲ್ಫಿಗೂ ಹೋಗುವವರು" ಎಂದೆವು. ಅವರು ತಲೆಯಾಡಿಸಿ ಹೊರಟುಹೋದರು. ಎರಡನೆಯ ಸಲ ಕೇಳಲಿಲ್ಲ. ಎರಡು ಮಳೆಗಾಲಗಳ ಬಳಿಕ ಅವರನ್ನು ಮಣ್ಣುಮಾಡುವ ವಿಧಿಯನ್ನು ನಾವೇ ನೆರವೇರಿಸಿದೆವು.

ಹೋದ ಬೇಸಗೆಯಲ್ಲಿ ಈ ಹಬ್ಬಕ್ಕಾಗಿ ಮಾಡಿನ ಹಂಚುಗಳನ್ನು ಸರಿಪಡಿಸಲು ಹೊರಟೆವು. ಕೆಡವಿದ ಮನೆಗಳ ಹಳೆಯ ಹಂಚುಗಳನ್ನು ತಂದು ಹೊದಿಸಿದೆವು. ನೋಡಲು ಎಲ್ಲವೂ ಒಂದೇ ತೆರನಾಗಿದ್ದವು. ಮೊದಲ ಮಳೆಗೇ ಸೋರಿತು. ನೀರು ದೀಪದ ಗಾಜಿನ ಪಕ್ಕದಲ್ಲಿಯೇ ಹನಿಯಿತು. ಒಂದೊಂದನ್ನು ತಟ್ಟಿ, ಇದು ಒಳ್ಳೆಯದು, ಇದು ಕೆಟ್ಟದು ಎಂದು ಹೇಳಬಲ್ಲವರು ನಮ್ಮ ನಡುವೆ ಒಬ್ಬರೂ ಇರಲಿಲ್ಲ. ಬಕೆಟನ್ನು ಕೆಳಗಿಟ್ಟು ನಿಂತಿದ್ದಾಗ ನಮಗೆ ಆ ವೃದ್ಧರ ಮುಖ ಕಣ್ಣಿಗೆ ಕಟ್ಟಿತು. ಒಡೆಯನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾವು ಎಷ್ಟೋ ಸಲ ಪೀಠದಿಂದ ವಿವರಿಸಿದ್ದೇವೆ. ಆ ವೃದ್ಧರು ತಮ್ಮ ತಲಾಂತನ್ನು ಹೂಳಲಿಲ್ಲ. ಕೊಡಲು ಕೈಯಲ್ಲಿ ಹಿಡಿದು ಬಂದರು. ಹೂತವರು ನಾವು.

ಬಂಧುಗಳೇ, ನಮ್ಮ ಊರಿನಲ್ಲಿ ಈಗಲೂ ಕಲಿಸಬಲ್ಲವರು ಎಷ್ಟು ಮಂದಿ ಇಲ್ಲ! ಮರಗೆಲಸದವರಿದ್ದಾರೆ, ಕಲ್ಲು ಕಟ್ಟುವವರಿದ್ದಾರೆ, ಗಲ್ಫಿನಲ್ಲಿ ದುಡಿದು ಬಂದ ವಿದ್ಯುತ್ ಕೆಲಸದವರಿದ್ದಾರೆ, ನಿವೃತ್ತರಾದ ದಾದಿಯರೂ ಅಧ್ಯಾಪಕರೂ ಇದ್ದಾರೆ, ಹೊಲಿಗೆಯಲ್ಲಿ ನಿಪುಣರಾದ ತಾಯಂದಿರಿದ್ದಾರೆ. ಅವರಲ್ಲಿ ಹಲವರು, ನಮ್ಮನ್ನು ಯಾರು ಕೇಳುತ್ತಾರೆ ಎಂದು ಸುಮ್ಮನಿರುವರು. ಇಂದು ನಾವು ಕೇಳುತ್ತಿದ್ದೇವೆ. ಬರುವ ತಿಂಗಳಿನಿಂದ ಆದಿತ್ಯವಾರಗಳ ಮಧ್ಯಾಹ್ನ ಇಗರ್ಜಿಯ ಸಭಾಭವನದ ಬಾಗಿಲು ತೆರೆದಿರುವುದು. ಪ್ರತಿಯೊಬ್ಬ ಕುಶಲಿಯೂ ಇಬ್ಬರು ಮಕ್ಕಳನ್ನು ಸ್ವೀಕರಿಸಿದರೆ ಸಾಕು. ಮಗು ಯಾವ ಮತದ್ದು, ಯಾವ ಮನೆಯದು ಎಂದು ಕೇಳುವಂತಿಲ್ಲ. ಮೂವರು ಈಗಾಗಲೇ ಒಪ್ಪಿರುವರು. ಉಪಕರಣಗಳ ವೆಚ್ಚಕ್ಕಾಗಿ, ತಳೇಗಾಂವದ ಪೈಸೆಯಂತೆ, ಪ್ರತಿ ಮನೆಯಿಂದ ತಿಂಗಳಿಗೆ ಹತ್ತು ರೂಪಾಯಿ ಮಾತ್ರ ಕೇಳುತ್ತೇವೆ. ಶ್ರೀಮಂತರು ಹೆಚ್ಚು ಕೊಡಬೇಕಾಗಿಲ್ಲ, ಎಲ್ಲರೂ ಕೊಡಬೇಕು.

ಯುವಕ ಯುವತಿಯರಿಗೆ ಒಂದು ಮಾತು. ನೀವು ದೂರದ ಊರುಗಳಿಗೆ ಹೋಗಿರಿ, ನಾವು ತಡೆಯುವುದಿಲ್ಲ. ಆದರೆ ಕಲಿಯುವಾಗ ಗಾಜುಗಾರನ ಎರಡು ನಿಯಮಗಳನ್ನು ಮರೆಯದಿರಿ. ಕೈಯನ್ನು ನಿಲ್ಲಿಸಬೇಡಿ, ಆರುವ ಹೊತ್ತಿನಲ್ಲಿ ಅವಸರಪಡಬೇಡಿ. ಹಿರಿಯರಿಗೂ ಒಂದು ಮಾತು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದರ ಬೆಳಕು ಕುಂದುವುದಿಲ್ಲವೆಂಬುದನ್ನು ಪಾಸ್ಕದ ರಾತ್ರಿ ಪ್ರತಿ ವರುಷವೂ ಮೇಣದ ಬತ್ತಿಗಳಲ್ಲಿ ಕಾಣುತ್ತೀರಿ. ಆ ರಾತ್ರಿಯ ನೋಟವನ್ನು ಉಳಿದ ದಿನಗಳಲ್ಲಿಯೂ ನೆನಪಿಡಿರಿ.

ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನಲ್ಲಿ ಉಸಿರೂದಿದನೆಂದು ಪವಿತ್ರ ಗ್ರಂಥ ಸಾರುತ್ತದೆ. ಹಂಚಿನವನ ಮಣ್ಣೂ ಗಾಜಿನವನ ಉಸಿರೂ ಆ ಒಂದು ವಾಕ್ಯದಲ್ಲಿ ಕೂಡಿವೆ. ಆ ಉಸಿರು ನಮ್ಮದಲ್ಲ. ಕೆಲವು ಕಾಲ ನಮ್ಮಲ್ಲಿದ್ದು ಮುಂದೆ ಸಾಗತಕ್ಕದ್ದು. ಇನ್ನು ನೂರು ವರುಷಗಳ ಬಳಿಕ ಇಲ್ಲಿ ಸೇರುವವರಿಗೆ ನಮ್ಮ ಯಾರ ಹೆಸರೂ ತಿಳಿದಿರಲಾರದು. ಮಾಡು ಸೋರಿದಾಗ ಹಂಚನ್ನು ತಟ್ಟಿ ನೋಡಬಲ್ಲ ಒಂದು ಕೈ ಅವರ ನಡುವೆ ಇದ್ದರೆ ಸಾಕು.

ದೇವರು ತಮ್ಮೆಲ್ಲರನ್ನು ಆಶೀರ್ವದಿಸಲಿ.